ಹನ್ನೆರಡು ಜೊತೆ ಗಂಬೂಟು

ತದಡಿ ಬಂದರಿನ ಪಕ್ಕದ ಸಿಗಡಿ ಕಾರ್ಖಾನೆಯಲ್ಲಿ ಶಾಂತಾರಾಮನ ಮಾನ ಹರಾಜಾಗಲು ಕಾರಣವಾದದ್ದು ಹನ್ನೆರಡು ಜೊತೆ ಗಂಬೂಟು. ಅವು ಎರಡು ವರ್ಷದಿಂದ ಕಪಾಟಿನೊಳಗೆ ಸುಖವಾಗಿದ್ದವು. ಕೆಲಸಗಾರರಿಗೆ ಬೂಟು ಕೊಡಬೇಕೆಂದು ಸರಕಾರ ಹೇಳಿದ್ದರಿಂದ ಧಣಿ ದಾಮೋದರರಾಯರು ತರಿಸಿದ್ದರು. ಹಾಕಿದರೆ ಸವೆದುಹೋಗುತ್ತವೆ ಎಂದು ಬೀಗ ಜಡಿಸಿದ್ದರು. ಎಂಬತ್ತಮೂರನೆಯ ಇಸವಿಯ ಒಂದು ಸೋಮವಾರ ಆ ಬೀಗ ತೆಗೆಯುವ ಯೋಗ ಬಂತು.

ಬೆಳಿಗ್ಗೆ ಎಂಟಕ್ಕೆ ಹೊನ್ನಾವರದಿಂದ ಧಣಿಗಳ ಫೋನು. ಕಾರ್ಖಾನೆ ನೋಡುವ ಇನ್ಸ್‌ಪೆಕ್ಟರು ಹನ್ನೊಂದು ಗಂಟೆಗೆ ಬರುತ್ತಾರಂತೆ. ಬೂಟು, ಬೆಂಕಿ ಆರಿಸುವ ಬಕೀಟು, ಔಷಧಿ ಪೆಟ್ಟಿಗೆ, ಗಟಾರ, ಒಂದನ್ನೂ ಬಿಡದೆ ನೋಡುವ ಮನುಷ್ಯನಂತೆ.

"ವರದಿ ಚಲೋ ಬಂದ್ರೆ ನಿನ್ನ ಖಾಯಂ ಮಾಡ್ತೆ ಶಾಂತಾರಾಮ," ಎಂದರು ಧಣಿಗಳು. "ನಿನ್ನಿಂದ ಎಂತಾದ್ರೂ ಕೆಟ್ರೆ ನಾಳೆ ಆ ಕುರ್ಚಿ ಮೇಲೆ ಬೇರೆಯವ್ರು ಕೂತಿರ್ತ್ರು."

ಶಾಂತಾರಾಮ ಏಳು ವರ್ಷದಿಂದ ಅಲ್ಲಿ ಹಂಗಾಮಿ ಮ್ಯಾನೇಜರು. ಆ ಹಂಗಾಮಿ ಎಂಬ ಶಬ್ದ ಅವನಿಗೆ ಎಷ್ಟು ಅಂಟಿಕೊಂಡಿತ್ತೆಂದರೆ ಪೋಸ್ಟಿನವನೂ ಅವನನ್ನು ಹಂಗಾಮಿ ಎಂದೇ ಕರೆಯುತ್ತಿದ್ದ. ಕುಮಟೆಯಲ್ಲಿ ಬಂಗಾರಿ ಎಂಬ ಹುಡುಗಿಯನ್ನು ನೋಡಿ, ಮೆಚ್ಚಿ, ಉಪ್ಪಿಟ್ಟು ತಿಂದು ಬಂದಿದ್ದ. ಹುಡುಗಿಯ ಅಪ್ಪ, ಕೆಲಸ ಖಾಯಂ ಆದ ದಿನ ಬನ್ನಿ, ಅದೇ ದಿನ ಮುಹೂರ್ತ ನೋಡೋಣ ಎಂದಿದ್ದ. ಆದ್ದರಿಂದ ಇನ್ಸ್‌ಪೆಕ್ಟರ ಜೀಪಿನಲ್ಲಿ ಬರುತ್ತಿದ್ದದ್ದು ಬರೀ ಇನ್ಸ್‌ಪೆಕ್ಟರಲ್ಲ, ಶಾಂತಾರಾಮನ ಮದುವೆ.

ಅವನು ಚಡ್ಡಿಗೆ ಬೆಂಕಿ ಬಿದ್ದವನಂತೆ ಓಡಾಡಿದ. ಕೆಂಪು ಬಕೀಟುಗಳಲ್ಲಿ ಹೆಂಗಸರು ಸಿಗಡಿ ಸಿಪ್ಪೆ ತುಂಬುತ್ತಿದ್ದರು. ಅದನ್ನು ಚೆಲ್ಲಿಸಿ ಮರಳು ತುಂಬಿಸಿದ. ಔಷಧಿ ಪೆಟ್ಟಿಗೆಯ ಧೂಳು ಒರೆಸಿದ, ಒಳಗೆ ನೋಡುವಷ್ಟು ಹೊತ್ತಿರಲಿಲ್ಲ. ಉಳಿದದ್ದು ಗಟಾರ. ಸಿಗಡಿ ತೊಳೆದ ಕೊಳಕು ನೀರನ್ನು ಹೊಳೆಗೆ ಬಿಡದೆ ಗುಂಡಿಗೆ ಬಿಡಬೇಕೆಂದು ಕಾನೂನು. ಗುಂಡಿ ಕಾಗದದ ಮೇಲೆ ಮಾತ್ರ ತೋಡಲಾಗಿತ್ತು. ನೀರು ಮಾತ್ರ ನಿಜವಾಗಿಯೇ ಹೊಳೆಗೆ ಹೋಗುತ್ತಿತ್ತು.

ಎದುರಿನ ಚಾದಂಗಡಿಯ ಜಟ್ಟ ಯಾರೂ ಕೇಳದಿದ್ದರೂ ಸಲಹೆ ಕೊಡುವವನು. ಗಟಾರದ ಮುಂದೆ ತಲೆ ಕೆರೆಯುತ್ತ ನಿಂತ ಶಾಂತಾರಾಮನನ್ನು ಕಂಡು ಲೋಟ ತೊಳೆಯುವುದನ್ನು ಬಿಟ್ಟು ಬಂದ.

"ಎಂತಕ್ಕೆ ಇಷ್ಟು ಬೆವರೂದು? ಗಟಾರದ ಬಾಯಿಗೆ ಎರಡು ಗೋಣಿ ತುರುಕು. ನೀರೇ ಬರ್ದಿದ್ರೆ ಹೊಳೆಗೆ ಹೋಗ್ತದೆ ಅಂತ ಯಾರು ಹೇಳೂಕೆ ಆಗ್ತದೆ?"

ಇಷ್ಟು ಸುಲಭದ ಉಪಾಯ ತನಗೆ ಹೊಳೆಯಲಿಲ್ಲವಲ್ಲ ಎಂದು ಶಾಂತಾರಾಮನಿಗೆ ನಾಚಿಕೆಯಾಯಿತು. ಎರಡಲ್ಲ, ಮೂರು ಗೋಣಿ ತುರುಕಿಸಿದ.

ಕೊನೆಗೆ ಬೂಟು ಹಂಚಿದ್ದಾಯಿತು. ಒಂದರೊಳಗೆ ಹಲ್ಲಿ ಸಂಸಾರ ಹೂಡಿತ್ತು. ಸಿಗಡಿ ಸುಲಿಯುವ ಹನ್ನೆರಡು ಹೆಂಗಸರಲ್ಲಿ ಹಿರಿಯಳು ನಾಗಿ. ಅವಳು ಬೂಟನ್ನು ತಲೆಕೆಳಗೆ ಮಾಡಿ, ಕೊಡವಿ, ಮೂಸಿ, ಇನ್ನೇನು ದಾರಿಯಿಲ್ಲ ಎಂಬಂತೆ ಕಾಲು ತೂರಿಸಿದಳು. ಉಳಿದವರೂ ತೂರಿಸಿದರು. ಅಂಗಳದಲ್ಲಿ ಧಬಧಬ ಎಂದು ನಾಲ್ಕು ಸುತ್ತು ಹಾಕಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಇದನ್ನೆಲ್ಲ ಕಣ್ತುಂಬ ನೋಡಿದ ಶಾಂತಾರಾಮ ಅವರನ್ನು ಕೆಲಸಕ್ಕೆ ಕಳಿಸಿ, ತಲೆ ಬಾಚಿಕೊಳ್ಳಲು ಹೋದ.

ಹನ್ನೊಂದಕ್ಕೆ ಸರಿಯಾಗಿ ಜೀಪು ಬಂತು. ಇನ್ಸ್‌ಪೆಕ್ಟರು ದಪ್ಪ ಶರೀರದವರು. ಅವರ ಕರಿ ಬೂಟಿನಲ್ಲಿ ಮುಖ ನೋಡಿ ಕ್ಷೌರ ಮಾಡಿಕೊಳ್ಳಬಹುದಾಗಿತ್ತು. ಬಾಗಿಲ ತನಕ ಬಂದವರು ಅಲ್ಲೇ ನಿಂತರು. ಹೊಸ್ತಿಲ ಹೊರಗೆ, ಮದುವೆಮನೆಯ ಮುಂದೆ ಇಟ್ಟ ಹಾಗೆ, ಹನ್ನೆರಡು ಜೊತೆ ಗಂಬೂಟು ಸಾಲಾಗಿ ಕೂತಿದ್ದವು.

"ಬೂಟುಗಳು ಇಲ್ಲಿವೆ," ಎಂದರು ಇನ್ಸ್‌ಪೆಕ್ಟರು. "ಕಾಲುಗಳು ಎಲ್ಲಿವೆ?"

ಕಾಲುಗಳು ಒಳಗಿದ್ದವು. ಇಪ್ಪತ್ತನಾಲ್ಕೂ ಬರಿಗಾಲು.

ಬೂಟು ಯಾಕೆ ಬಿಚ್ಚಿದಿರಿ ಎಂದು ಶಾಂತಾರಾಮ ನಾಗಿಯನ್ನು ಕೇಳಿದ. ಅವಳು ಸುಲಿಯುವುದನ್ನು ನಿಲ್ಲಿಸದೆಯೇ ಉತ್ತರಿಸಿದಳು.

"ಸಿಗಡಿ ಬಿದ್ದ ಜಾಗಕ್ಕೆ ಮೆಟ್ಟು ಹಾಕಂಡು ಬರೂದಾ ಒಡೆಯಾ? ದೋಣಿಗೆ ಮೆಟ್ಟು ಹಾಕಂಡು ಹತ್ತುದುಂಟಾ? ಹಾಕಿ ಅಂದ್ರಿ, ಹಾಕಂಡಿವಿ. ಒಳಗೆ ಬರೂ ಹೊತ್ತಿಗೆ ಬಿಚ್ಚಿದಿವಿ. ಇನ್ನೆಂತ ಮಾಡ್ಬೇಕು?"

ಕಡಲ ಮಕ್ಕಳಿಗೆ ಇದು ಹುಟ್ಟಿನಿಂದ ಬಂದ ಮಾತು. ದೋಣಿಯಾಗಲಿ, ಬಲೆಯಾಗಲಿ, ರಾಶಿ ಬಿದ್ದ ಮೀನಾಗಲಿ, ಅನ್ನ ಕೊಡುವ ಜಾಗಕ್ಕೆ ಚಪ್ಪಲಿ ಕಾಲು ತಾಗಿಸುವಂತಿಲ್ಲ. ಕಾನೂನು ಬರೆದವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಶಾಂತಾರಾಮ ಗದರಿಸಲು ಬಾಯಿ ತೆರೆದವನು ತನ್ನ ಕಾಲು ನೋಡಿಕೊಂಡ. ಅದೂ ಬರಿಗಾಲು. ಅವನೂ ದೋಣಿಯ ಮನೆಯಲ್ಲೇ ಬೆಳೆದವನು. ಏಳು ವರ್ಷದಿಂದ ದಿನವೂ ಗೊತ್ತಿಲ್ಲದೆಯೇ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಸಾಲಿನಲ್ಲಿ ಹದಿಮೂರನೆಯ ಜೊತೆ ಅವನದು.

ಇನ್ಸ್‌ಪೆಕ್ಟರು ಇದನ್ನೆಲ್ಲ ಬರೆದುಕೊಳ್ಳುತ್ತೇನೆ ಎಂದು ಒಳಗೆ ಕಾಲಿಡಲು ಹೊರಟರು. ನಾಗಿ ಎದ್ದು ನಿಂತಳು. ಹೆದರಿಸಲು ಅಲ್ಲ, ಆದರೆ ಕೈಯಲ್ಲಿ ಸಿಗಡಿ ಸುಲಿಯುವ ಕತ್ತಿಯಿತ್ತು.

"ನೀವೂ ಬಿಚ್ಚಿ ಬನ್ನಿ ಸಾಹೇಬ್ರೆ."

ಹನ್ನೆರಡು ಹೆಂಗಸರ ಕೈಯೂ ಒಟ್ಟಿಗೆ ನಿಂತಿತು. ಇನ್ಸ್‌ಪೆಕ್ಟರು ಹೆಂಗಸರನ್ನು ನೋಡಿದರು, ಕತ್ತಿಗಳನ್ನು ನೋಡಿದರು, ಆಮೇಲೆ ಬಗ್ಗಿ ಲೇಸು ಬಿಚ್ಚಿದರು. ಅವರ ಕರಿ ಬೂಟು ಹದಿನಾಲ್ಕನೆಯದಾಗಿ ಸಾಲಿಗೆ ಸೇರಿತು.

ಗಟಾರದ ಬಾಯಿ ಕಟ್ಟಿದ್ದ ಸಂಗತಿಯನ್ನು ಈ ಗಡಿಬಿಡಿಯಲ್ಲಿ ಎಲ್ಲರೂ ಮರೆತಿದ್ದರು. ನೀರು ಮರೆತಿರಲಿಲ್ಲ. ಹೊರಗೆ ಹೋಗಲು ದಾರಿ ಕಾಣದೆ, ಸಿಗಡಿಯ ಲೋಳೆಯನ್ನೂ ಜೊತೆಗೆ ಕರೆದುಕೊಂಡು ನೆಲದ ಮೇಲೆಲ್ಲ ಹರಡಿತ್ತು. ಹೆಂಗಸರಿಗೆ ಅಂಥ ನೆಲ ಅಭ್ಯಾಸ, ಬೆರಳಿನಿಂದಲೇ ನೆಲ ಹಿಡಿದು ನಡೆಯುತ್ತಾರೆ. ಇನ್ಸ್‌ಪೆಕ್ಟರು ಮೂರು ಹೆಜ್ಜೆ ತಾವೇ ಇಟ್ಟರು. ನಾಲ್ಕನೆಯದನ್ನು ನೆಲವೇ ಇಡಿಸಿತು. ದೋಣಿ ನೀರಿಗೆ ನೂಕಿದ ಹಾಗೆ ಸುಯ್ಯನೆ ಸಾಗಿ, ದಾರಿಯಲ್ಲಿ ಎರಡು ಕೆಂಪು ಬಕೀಟು ಉರುಳಿಸಿ, ಸಿಗಡಿ ಬುಟ್ಟಿಗೆ ಬಡಿದು ನಿಂತರು.

ಬಲಗಾಲು ಉಳುಕಿತ್ತು. ಔಷಧಿ ಪೆಟ್ಟಿಗೆ ತೆರೆದರೆ ಒಳಗೆ ನಾಗಿಯ ಎಲೆ, ಅಡಿಕೆ, ಸುಣ್ಣ. ಸಿಗಡಿ ಕೆಡದಂತೆ ಹಾಕುವ ಬರ್ಫದ ಗಡ್ಡೆಗೆ ಮಾತ್ರ ಅಲ್ಲಿ ಬರವಿರಲಿಲ್ಲ. ಸಾಹೇಬರನ್ನು ಆಫೀಸಿನ ಕುರ್ಚಿಯಲ್ಲಿ ಕೂರಿಸಿ, ಕಾಲಿನ ಸುತ್ತ ಬರ್ಫ ಪೇರಿಸಿ, ಮೀನು ಮುಚ್ಚುವ ಹಾಗೆ ಗೋಣಿ ಹೊದೆಸಿದರು.

ನೋವಿನಲ್ಲೂ ಇನ್ಸ್‌ಪೆಕ್ಟರು ನಿಯಮ ಬಿಡಲಿಲ್ಲ. ಅಪಘಾತದ ಪುಸ್ತಕ ತರಿಸಿ, ದಿನಾಂಕ ಬರೆದು, ಬಲಗಾಲು ಉಳುಕಿದೆ ಎಂದು ಬರೆದರು. ಮುಂದಿನ ಅಂಕಣ ಬಂತು: ಬಿದ್ದವರ ಹೆಸರು. ಅದರ ಮುಂದಿನದು: ಕಾಲಿಗೆ ಏನು ಧರಿಸಿದ್ದರು. ಅಲ್ಲಿ ಪೆನ್ನು ನಿಂತಿತು. ಪುಟಗಳಿಗೆ ನಂಬರು ಬಿದ್ದಿತ್ತು, ಹರಿಯುವಂತಿರಲಿಲ್ಲ. ಊರಿಗೆಲ್ಲ ಬೂಟು ಹಾಕಿಸುವ ಅಧಿಕಾರಿ ಬರಿಗಾಲಲ್ಲಿ ಬಿದ್ದ ಎಂದು ಸ್ವಂತ ಕೈಯಿಂದ ಬರೆಯುವಂತೆಯೂ ಇರಲಿಲ್ಲ.

ಶಾಂತಾರಾಮನ ತಲೆಯಲ್ಲಿ ದೀಪ ಹೊತ್ತಿತು.

"ಸಾಹೇಬ್ರೆ, ಬಿದ್ದದ್ದು ನಾನು ಅಂತ ಬರೀರಿ."

"ನೀನು ಬಿದ್ದಿಲ್ಲವಲ್ಲ?"

"ನೀವೂ ಬಿದ್ದಿಲ್ಲ. ಆದ್ರೆ ಯಾರಾದ್ರೂ ಬೀಳ್ಬೇಕಲ್ಲ?"

ಇನ್ಸ್‌ಪೆಕ್ಟರು ಅವನನ್ನು ಮೊದಲ ಬಾರಿಗೆ ಪ್ರೀತಿಯಿಂದ ನೋಡಿದರು. ಪ್ರತಿಯಾಗಿ ಕಾರ್ಖಾನೆಗೆ ಒಳ್ಳೆಯ ವರದಿ ಬರೆಯುವುದಾಗಿ ಮಾತಾಯಿತು. ಸುಳ್ಳಿಗೆ ಆಧಾರ ಬೇಕೆಂದು ಶಾಂತಾರಾಮನ ಗಟ್ಟಿಮುಟ್ಟಾದ ಬಲಗಾಲಿಗೆ ಅವರೇ ಬಟ್ಟೆ ಸುತ್ತಿದರು. ವರದಿ ಇಂಗ್ಲಿಷಿನಲ್ಲಿತ್ತು. ಶಾಂತಾರಾಮನಿಗೆ ಅದರಲ್ಲಿ ಓದಲು ಬಂದದ್ದು ಹೆಸರುಗಳಷ್ಟೇ. ತನ್ನ ಹೆಸರು ನಾಲ್ಕು ಕಡೆ ಇತ್ತು, ನಾಗಿಯದು ಒಂದೇ ಕಡೆ. ಸಂತೋಷದಿಂದ ಎರಡು ಸಹಿ ಹಾಕಿದ. ಊದಿದ ಕಾಲು ಕರಿ ಬೂಟಿಗೆ ಹಿಡಿಸದೆ ಇನ್ಸ್‌ಪೆಕ್ಟರು ಒಂದು ಕಾಲಿಗೆ ಗಂಬೂಟು ಹಾಕಿಕೊಂಡೇ ಜೀಪು ಹತ್ತಿದರು.

ಸಂಜೆ ಧಣಿಗಳು ಬಂದರು. ಶಾಂತಾರಾಮ ಒಳಗೊಳಗೇ ಮುಹೂರ್ತ ಎಣಿಸುತ್ತ ಎದುರಿಗೆ ನಿಂತ. ಧಣಿಗಳು ವರದಿಯನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದರು. ಹನ್ನೆರಡು ಮಂದಿಗೂ ಬೂಟು ಕೊಟ್ಟಿದ್ದಾರೆ. ಬಕೀಟುಗಳಲ್ಲಿ ಮರಳು ಇದೆ. ಗಟಾರದಿಂದ ಹೊಳೆಗೆ ಒಂದು ಹನಿ ನೀರೂ ಹೋಗುವುದಿಲ್ಲ. ಧಣಿಗಳ ಮುಖ ಅರಳುತ್ತ ಹೋಯಿತು. ಕೊನೆಯ ಪ್ಯಾರಾಕ್ಕೆ ಬಂದಾಗ ಹುಬ್ಬು ಮೇಲೇರಿತು.

"ಇಷ್ಟು ಚಲೋ ಕಾರ್ಖಾನೆಯಲ್ಲಿ ಕಂಡ ದೋಷ ಒಂದೇ, ಹಂಗಾಮಿ ಮ್ಯಾನೇಜರ್ ಶಾಂತಾರಾಮ. ಬೂಟು ಎದುರಿಗಿದ್ದೂ ಬರಿಗಾಲಲ್ಲಿ ತಿರುಗಿ ಬಿದ್ದಿದ್ದಾನೆ. ಇಂಥವನಿಗೆ ಜನರ ಹೊಣೆ ಕೊಡತಕ್ಕದ್ದಲ್ಲ. ಪಾದರಕ್ಷೆಯ ವಿಷಯದಲ್ಲಿ ಎಂಥವರನ್ನೂ ಶಿಸ್ತಿಗೆ ತರಬಲ್ಲ ನಾಗಿ ಎಂಬಾಕೆಯನ್ನು ಆ ಜಾಗಕ್ಕೆ ನೇಮಿಸಬೇಕು."

"ಧಣಿ, ಬಿದ್ದದ್ದು ನಾನಲ್ಲ," ಎಂದ ಶಾಂತಾರಾಮ.

"ಇದು ಯಾರ ಸಹಿ?"

ಸಹಿ ಅವನದೇ. ಸತ್ಯ ಹೇಳಿದರೆ ವರದಿಯೇ ಸುಳ್ಳಾಗಿ ಎಲ್ಲರ ಅನ್ನಕ್ಕೂ ಕಲ್ಲು ಬೀಳುತ್ತದೆ. ಅವನಿಗೆ ಅಳು ಬಂತು, ನುಂಗಿಕೊಂಡ. ಧಣಿಗಳು ಅವನ ಕೈಯಿಂದ ಬೀಗದ ಕೈ ತೆಗೆದು ನಾಗಿಗೆ ಕೊಟ್ಟರು.

ನಾಗಿಗೆ ಅವನ ಮುಖ ನೋಡಿ ನಿಜವಾಗಿಯೂ ಪಾಪ ಅನಿಸಿತು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಧಣಿಗಳಿಗೆ ಒಂದು ಮಾತು ಹೇಳಿದಳು.

"ನಾಳೆಯಿಂದ ಬೂಟು ಹಾಕಂಡೇ ಬರ್ತಿವಿ, ಬಾಗ್ಲಲ್ಲಿ ಬಿಚ್ಚೇ ಒಳಗೆ ಹೋಗ್ತಿವಿ. ಹೊರಗಿದ್ದದ್ದು ಕಾಯೂಕೆ ಒಬ್ಬ ಜನ ಬೇಕಲ್ಲ ಧಣಿ? ಒಂದು ಇವತ್ತೇ ಜೀಪು ಹತ್ತಿ ಹೋತು."

ಧಣಿಗಳು ವಿಚಾರ ಮಾಡಿ, ಬಾಗಿಲ ಹೊರಗೆ ಒಂದು ಸ್ಟೂಲು ಹಾಕಿಸಿ, ಶಾಂತಾರಾಮನನ್ನು ಗಂಬೂಟು ಕಾಯುವ ಕೆಲಸಕ್ಕೆ ನೇಮಿಸಿದರು. ಸದ್ಯಕ್ಕೆ ಹಂಗಾಮಿಯಾಗಿ.

ಅವನು ತಲೆ ತಗ್ಗಿಸಿ ದುಡುದುಡು ಮೆಟ್ಟಿಲಿಳಿದು ಹೊರಟಾಗ ಹಿಂದಿನಿಂದ ಹೊಸ ಮ್ಯಾನೇಜರು ಮೆಲ್ಲನೆ ಕರೆದಳು.

"ಶಾಂತಾರಾಮಣ್ಣ, ಧಣಿ ನೋಡ್ತ್ರು. ಬಲಗಾಲು ಕುಂಟು."