ಸಾಹುಕಾರರು ಸತ್ತ ಮಧ್ಯಾಹ್ನ

ಕ್ಲಿನಿಕ್ಕಿಗೆ ರೋಗಿಗಳು ಕಡಿಮೆಯಾದರೆ ಬುದ್ಧಿವಂತ ವೈದ್ಯರು ಉಚಿತ ತಪಾಸಣಾ ಶಿಬಿರ ಮಾಡುತ್ತಾರೆ. ನಾನು ನಾಟಕ ಬರೆದೆ. ದಾವಣಗೆರೆಗೆ ಪ್ಲೇಗ್ ಬಂದಿದ್ದ ಕಾಲದ ಕಥೆ. ಜನ ಊರಾಚೆ ಗುಡಿಸಲು ಹಾಕಿಕೊಂಡಿರುತ್ತಾರೆ, ಸೂಜಿ ಹಿಡಿದು ಬಂದ ಡಾಕ್ಟರನ್ನು ಕಂಡರೆ ಓಡುತ್ತಾರೆ. ಡಾಕ್ಟರ್ ಪಾತ್ರ ನನ್ನದೇ, ಅದರಲ್ಲಿ ಚರ್ಚೆಗೆ ಅವಕಾಶವಿರಲಿಲ್ಲ. ಕೊನೆಯ ಅಂಕದಲ್ಲಿ ಸಾಯುವ ರೋಗಿ ಮಾತ್ರ ಸಿಗಲಿಲ್ಲ. ನಮ್ಮ ನಿಜಲಿಂಗಪ್ಪ ಬಡಾವಣೆಯ ಹವ್ಯಾಸಿಗಳು ಸತ್ತ ಮೇಲೂ ಸೊಳ್ಳೆ ಹೊಡೆದುಕೊಳ್ಳುತ್ತಾರೆ. ವೃತ್ತಿ ಕಲಾವಿದರೇ ಆಗಬೇಕೆಂದು ಹರಿಹರದಿಂದ ಸಾಹುಕಾರರನ್ನು ಕರೆಸಿದೆ.

ದುಡ್ಡಿನ ಸಾಹುಕಾರರಲ್ಲ. ನಾಟಕ ಕಂಪನಿಯಲ್ಲಿ ಸಾಹುಕಾರನ ಪಾತ್ರವೊಂದನ್ನೇ ಎಷ್ಟೋ ವರ್ಷ ಮಾಡಿ, ಎಲ್ಲರ ಬಾಯಲ್ಲೂ ಸಾಹುಕಾರರೇ ಆಗಿಹೋದವರು. ನಮ್ಮ ಮನೆಯ ಪಡಸಾಲೆಯಲ್ಲಿ, ಸತ್ತು ತೋರಿಸಲೆಂದು ಚಾಪೆ ಹಾಸಿಕೊಂಡು ಹೇಳಿದರು: "ಡಾಕ್ಟ್ರೇ, ನಾ ಸತ್ತ ಮ್ಯಾಲೆ ಹೆಸರು ಹಿಡಿದು ಕರೀಬೇಕ್ರಿ. ಇಲ್ದಿದ್ರೆ ನಾ ಏಳಂಗಿಲ್ಲ. ನಮ್ ಕಂಪ್ನ್ಯಾಗೆ ಹಂಗೇ ಪದ್ಧತಿ ಐತೆ."

"ಆತು ಬಿಡ್ರಿ, ನೀವು ಸಾಯ್ರಿ" ಎಂದೆ.

ಸತ್ತರು. ದವಡೆ ಇಳಿಯಿತು, ಮೂಗು ಚೂಪಾಯಿತು. ಅರೆತೆರೆದ ಕಣ್ಣಿನ ಮೇಲೆ ನೊಣ ಕೂತರೂ ರೆಪ್ಪೆ ಅಲುಗಲಿಲ್ಲ. ಸಾವು ನೋಡಿ ಅಭ್ಯಾಸವಿರುವ ನನಗೇ ಮೈ ಜುಮ್ಮೆಂದಿತು. ಚಪ್ಪಾಳೆ ತಟ್ಟಿ, "ಪಾತ್ರ ನಿಮ್ದೇ ಸಾಹುಕಾರ್ರೇ, ಏಳ್ರಿ" ಎಂದೆ. ಏಳಲಿಲ್ಲ. ಕೈ ಮುಟ್ಟಿದರೆ ತಣ್ಣಗಿತ್ತು. ನಾಡಿಯೇನೋ ಸಿಕ್ಕಿತು, ಆದರೆ ಯಾರೋ ಓಣಿಯಲ್ಲಿ ನಮ್ಮಿಂದ ದೂರ ನಡೆದುಹೋಗುತ್ತಿರುವ ಹಾಗೆ ಕ್ಷೀಣವಾಗುತ್ತಿತ್ತು. ಸಾಹುಕಾರ ಎನ್ನುವುದು ಪಾತ್ರದ ಹೆಸರು, ಮನುಷ್ಯನ ಹೆಸರು ನನಗೆ ಗೊತ್ತೇ ಇಲ್ಲ ಎಂದು ಆಗ ಹೊಳೆಯಿತು. ಬಸವರಾಜ್ರೇ ಎಂದೆ, ಹಾಲೇಶಪ್ಪಾರೇ ಎಂದೆ, ಇರಲಿ ಎಂದು ದಾದಾಪೀರ್ ಸಾಹೇಬ್ರೇ ಎಂದೂ ಕರೆದೆ. ಒಂದೊಂದು ತಪ್ಪು ಹೆಸರಿಗೂ ಆ ಹೆಜ್ಜೆ ಇನ್ನಷ್ಟು ದೂರವಾಗುತ್ತಿತ್ತು. ಇಂಜೆಕ್ಷನ್ ಕೊಡೋಣವೆಂದು ಸಿರಿಂಜ್ ತೆಗೆದೆ, ಯಾವ ಔಷಧಿ ತುಂಬಬೇಕೆಂದು ತೋಚದೆ ಕೆಳಗಿಟ್ಟೆ. ನಿಜವಾಗಿ ಹೆದರಿಬಿಟ್ಟಿದ್ದೆ.

ಅಷ್ಟರಲ್ಲಿ ಅವರ ಮೊಬೈಲ್ ರಿಂಗಾಯಿತು. ಹರಿಹರದಿಂದ ಅವರ ಹೆಂಡತಿ. ಸಂಗತಿ ಹೇಳಿ, ಹೆಸರು ಕೇಳಿದೆ.

"ಗಂಡನ ಹೆಸರು ನಾ ಹೆಂಗೆ ಹೇಳ್ಲಿರಿ? ಮುಟ್ಟಬ್ಯಾಡ್ರಿ ಅವರನ್ನ, ನಾನೇ ಬರ್ತೀನಿ."

ಬಸ್ಸು ಹಿಡಿದು ಬಂದರು. ನನಗೂ ನನ್ನ ಹೆಂಡತಿಗೂ ಅತ್ತ ತಿರುಗಿ ನಿಲ್ಲಲು ಹೇಳಿ, ಗಂಡನ ಕಿವಿಯಲ್ಲಿ ಏನೋ ಉಸುರಿದರು. ನಮಗೆ ಕೇಳಿಸಲಿಲ್ಲ. ಸಾಹುಕಾರರಿಗೆ ಕೇಳಿಸಿತು. ಎದ್ದು ಕೂತು, "ಚಾ ಐತೇನ್ರಿ?" ಎಂದರು.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮದುವ್ಯಾದಾಗಿಂದ ಇವತ್ತೇ ಮೊದ್ಲು ಅವರ ಹೆಸರು ಹಿಡಿದಿದ್ದು. ಇನ್ನೊಮ್ಮೆ ಸಾಯ್ಸಬ್ಯಾಡ್ರಿ ಇವರನ್ನ." ಚಹಾ ಕುಡಿಸಿ ಕರೆದುಕೊಂಡು ಹೋಗಿಬಿಟ್ಟರು. ಹೆಸರು ಮಾತ್ರ ಹೇಳಲಿಲ್ಲ.

ಕೊನೆಗೆ ಡಾಕ್ಟರ್ ಪಾತ್ರ ಗೆಳೆಯನೊಬ್ಬನಿಗೆ ಹೋಗಿ, ಸಾಯುವ ಪಾತ್ರ ನನ್ನ ತಲೆಗೇ ಬಂತು. ಮರುದಿನ ಅಭ್ಯಾಸಕ್ಕೆಂದು ಅದೇ ಜಾಗದಲ್ಲಿ ಮಲಗಿ ಕಣ್ಣು ಮುಚ್ಚಿದೆ. ಮನೆ ನಿಶ್ಶಬ್ದವಾಗಿತ್ತು. ಊರಿಗೆ ನಾನು ಡಾಕ್ಟ್ರು, ಮಕ್ಕಳಿಗೆ ಅಪ್ಪ. ಹೆಸರು ಹಿಡಿದು ಕರೆಯುತ್ತಿದ್ದವಳು ಅಮ್ಮ ಒಬ್ಬಳೇ, ಅವಳು ಈಗಿಲ್ಲ. ಮಲಗಿದ್ದಲ್ಲಿಂದಲೇ ಹೆಂಡತಿಗೆ, "ಒಮ್ಮೆ ನನ್ನ ಹೆಸರು ಹೇಳೇ" ಎಂದೆ.

"ಥೂ, ನಾಚ್ಕೆ ಬರ್ತೈತ್ರಿ. ಏಳ್ರಿ ಮ್ಯಾಲೆ" ಎಂದು ನಕ್ಕಳು. ಗೋಗರೆದೆ. ಬಾಯಿ ತೆರೆದಳು, ಮುಚ್ಚಿದಳು. ಹೆಸರು ಬರಲೇ ಇಲ್ಲ.

ಧಡಕ್ಕನೆ ಎದ್ದವನು ಕೂತು ಕೊನೆಯ ಅಂಕವನ್ನೇ ತಿದ್ದಿದೆ. ಈಗ ರೋಗಿ ಸಾಯುವುದಿಲ್ಲ. ಇತಿಹಾಸಕ್ಕೆ ದ್ರೋಹ ಮಾಡಿದೆ ಎಂದು ಗೆಳೆಯರು ಬೈಯುತ್ತಿದ್ದಾರೆ. ಬೈಯಲಿ, ಇಷ್ಟು ವರ್ಷದ ಪ್ರಾಕ್ಟೀಸಿನಲ್ಲಿ ನನ್ನ ಕೈಯಲ್ಲಿ ಇಷ್ಟು ಬೇಗ ಗುಣವಾದ ರೋಗಿ ಇನ್ನೊಬ್ಬನಿಲ್ಲ.