ಭಾವ ಮುಡಿ ಕೊಟ್ಟ ದೇವರುಗಳು

ನಮ್ಮ ಭಾವನಿಗೆ ತಲೆಯಿಲ್ಲ ಎಂದು ನಾನು ಯಾವತ್ತೂ ಹೇಳಿದವನಲ್ಲ. ಇತ್ತು, ಚೆನ್ನಾಗಿಯೇ ಇತ್ತು. ಆದರೆ ಆ ಅವರೆಕಾಯಿ ಕಾಲದಲ್ಲಿ ಅದನ್ನು ಕಂಡಕಂಡ ದೇವರ ಮುಂದೆಲ್ಲ ಬೋಳಿಸಿಕೊಂಡು ತಿರುಗಿದರು! ರಾಮನಗರ ಆಗತಾನೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಯಲ್ಲಿ ಅಂಥ ಸಾಹಸ ಮಾಡಿದವರು ಇನ್ನೊಬ್ಬರಿರಲಾರರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಅಮೆರಿಕದಲ್ಲಿ ಹಲ್ಲಿನ ಡಾಕ್ಟರು. ನಾನು ಚನ್ನಪಟ್ಟಣದ ಹೈವೇ ಪಕ್ಕ ಸ್ಕೂಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನು. ಭಾಮೈದನಾದವನು ಭಾವನನ್ನು ಗೇಲಿ ಮಾಡದೆ ಇನ್ಯಾರು ಮಾಡಬೇಕು, ನೀವೇ ಹೇಳಿ.

ಅಲ್ಲಿ ಅವರಿಗೆ ಮನೆ, ಕಾರು, ಹುಲ್ಲು ಕತ್ತರಿಸುವ ಮಷೀನು ಎಲ್ಲ ಇದ್ದವು. ಇಲ್ಲದ್ದು ಒಂದೇ, ಭಾನುವಾರ ಬೆಳಿಗ್ಗೆ ಹೋಗುವುದಕ್ಕೊಂದು ಜಾಗ. ಬೀದಿಗೆ ಬೀದಿಯೇ ಚರ್ಚಿಗೆ ಹೊರಟರೆ ಇವರೊಬ್ಬರೇ ಎಷ್ಟು ಹುಲ್ಲು ಕತ್ತರಿಸಿಯಾರು? ಪಕ್ಕದ ಮನೆಯ ಅಜ್ಜಿ ಕರೆದಳೆಂದು ಕೆಲವು ತಿಂಗಳು ಚರ್ಚಿಗೆ ಹೋಗಿ ಹಾಡಿ ಬಂದರು. ಆಮೇಲೆ ಧ್ಯಾನದವರ ಮೌನ ಶಿಬಿರ. ಅಲ್ಲಿ ಸೀನು ಬಂತಂತೆ. ನಮ್ಮ ಕಡೆಯವರ ಬಾಯಿ ಸೀನಿ ಸುಮ್ಮನಿರುತ್ತದೆಯೇ? "ಶಿವನೇ!" ಎಂದುಬಿಟ್ಟರು. ಇಡೀ ಶಿಬಿರವೇ ಕಣ್ಣು ಬಿಟ್ಟು ಇವರನ್ನು ನೋಡಿತು!

ದೇವಸ್ಥಾನ ಇರಲಿಲ್ಲವೇ ಎಂದರೆ ಇತ್ತು. ಒಂದೇ ಹಾಲ್‌ನಲ್ಲಿ ಭಾರತದ ದೇವರುಗಳೆಲ್ಲ ಸಾಲಾಗಿ ನಿಂತಿದ್ದರು. ಭಾವ ಯಾರಿಗೂ ಬೇಜಾರಾಗದಂತೆ ಎಲ್ಲರಿಗೂ ಕೈ ಮುಗಿದರು. "ಎಲ್ರೂ ದೊಡ್ಡೋರೇ ಕಣೋ. ಆದ್ರೆ ಒಬ್ರೂ ನನ್ನ ಪರಿಚಯದೋರು ಅನ್ನಿಸ್ಲಿಲ್ಲ" ಎಂದು ಫೋನಿನಲ್ಲಿ ಕೊರಗಿದರು.

ಒಂದು ದಿನ ಆ ಅಜ್ಜಿ ಕೇಳಿದಳಂತೆ, ನಿಮ್ಮ ಮನೆತನ ಮೊದಲಿಂದ ಯಾವ ಚರ್ಚಿಗೆ ಸೇರಿದ್ದು ಎಂದು. ನಮ್ಮ ಕಡೆ ಇದನ್ನೇ "ನೀವು ಯಾವ ದೇವ್ರ ಒಕ್ಕಲು?" ಎಂದು ಕೇಳುತ್ತಾರೆ. ಪ್ರತಿ ಮನೆತನಕ್ಕೂ ತಲೆತಲಾಂತರದಿಂದ ಒಂದು ಮನೆದೇವರು. ಮುಡಿ ಕೊಡುವುದೂ ಅಲ್ಲಿಗೇ. ಭಾವನಿಗೆ ತಮ್ಮದು ಯಾವುದೆಂದೇ ಗೊತ್ತಿರಲಿಲ್ಲ! ಅವರಪ್ಪ ಮೇಷ್ಟ್ರು. ಮಾಗಡಿ ಸೀಮೆಯ ಊರು ಬಿಟ್ಟು ಮೈಸೂರು ಸೇರಿದವರು. ಮಗ ದೇವರ ಸುದ್ದಿ ಎತ್ತಿದರೆ ಮಗ್ಗಿ ಹೇಳಿಸುತ್ತಿದ್ದರು. ಮದುವೆ ಮಾತುಕತೆಯಲ್ಲಿ ನಮ್ಮಪ್ಪ ಕೇಳಿದಾಗಲೂ "ಪುಸ್ತಕವೇ ನಮ್ಮನೆ ದೇವರು" ಎಂದು ಬಾಯಿ ಮುಚ್ಚಿಸಿದ್ದರು. ಈಗ ಅವರೂ ಇಲ್ಲ.

"ನಾನು ಯಾರ ಒಕ್ಕಲು ಅಂತ ಗೊತ್ತಾಗೋವರೆಗೂ ಸಮಾಧಾನ ಇಲ್ಲ ಕಣೋ" ಎನ್ನುತ್ತಾ ಭಾವ ಅಕ್ಕನ ಜೊತೆ ಬಂದಿಳಿದರು.

ಕನಕಪುರದ ಬಸ್ಸಿನಲ್ಲಿ ಯಾರೋ "ನಿಮ್ ಕಡೇರು ಬಸವಣ್ಣನ ಒಕ್ಕಲು ಇರಬೈದು" ಎಂದದ್ದೇ ತಡ, ಕೋಡಿಹಳ್ಳಿ ಹತ್ತಿರದ ಬಸವಣ್ಣನ ಗುಡಿಯ ಮುಂದೆ ತಲೆ ಬಗ್ಗಿಸಿ ಕೂತೇಬಿಟ್ಟರು. ನುಣ್ಣಗಾದ ಮೇಲೆ ಪೂಜಾರಿ ವಿಚಾರಿಸಿದರು.

"ತಂದೆಯೋರದು ಯಾವೂರು?"

"ಮಾಗಡಿ ಕಡೆ."

"ಅಯ್ಯೋ, ಈ ಬಸಪ್ಪಂಗೆ ಮಾಗಡಿ ಕಡೆ ಒಕ್ಕಲೇ ಇಲ್ವಲ್ಲ ಸ್ವಾಮಿ!"

"ಮೊದ್ಲೇ ಹೇಳಬಾರದಾಗಿತ್ತಾ?"

"ಎಲ್ಲಿ ಹೇಳಾದು? ಬಂದೋರೇ ಕುಂತ್ಕಬುಟ್ರಿ!"

ಇಷ್ಟಕ್ಕೆ ಬುದ್ಧಿ ಬರಬೇಕಲ್ಲ? ಬಿಡದಿ ಕಡೆ ಹಳೆಯ ಮುನೇಶ್ವರ ಇದ್ದಾನೆಂದು ಯಾರೋ ಹೇಳಿದರು. ಹೋದರೆ ಅಲ್ಲಿ ಹೊಸ ಫ್ಯಾಕ್ಟರಿಯ ಕಾಂಪೌಂಡು. ಗೇಟಿನಲ್ಲಿ ಸೆಕ್ಯೂರಿಟಿಯವನು ಅಡ್ಡ ಬಂದ.

"ಯಾರ್ನ ನೋಡ್ಬೇಕು ಸಾ?"

"ಮುನೇಶ್ವರನ್ನ."

"ಯಾವ ಡಿಪಾರ್ಟ್‌ಮೆಂಟು?"

ನಾನು ನಗು ತಡೆಯಲಾರದೆ ಸ್ಕೂಟರಿನ ಹಿಂದೆ ಅವಿತುಕೊಂಡೆ. ವಿಷಯ ತಿಳಿದ ಮೇಲೆ ಅವನೇ "ಓ, ಮುನಿಯಪ್ಪನ್ನಾ? ರೋಡಿಂದ ಆಚ್ಕಡೀಕೆ ಶಿಫ್ಟ್ ಮಾಡವ್ರೆ" ಎಂದು ದಾರಿ ತೋರಿಸಿದ. ಅಲ್ಲಿಯೂ ಭಾವ ಕೂತರು. ಕ್ಷೌರದವನು ತಲೆ ಸವರಿ "ಇಲ್ಲಿ ತೆಗೆಯಕ್ಕೆ ಏನೈತೆ ಸಾ?" ಎಂದರೆ, "ಇರೋದನ್ನೇ ತೆಗಿಯಪ್ಪ" ಎಂದರು! ಅದೂ ಅವರ ದೇವರಲ್ಲ ಎಂದು ಸಂಜೆಯೊಳಗೆ ಗೊತ್ತಾಯಿತು. ಅಕ್ಕ ತನ್ನ ಜಡೆಯನ್ನು ಮುಂದಕ್ಕೆ ಎಳೆದುಕೊಂಡು "ಇನ್ನೊಂದು ದೇವ್ರು ಸಿಕ್ರೆ ಇವ್ರು ನನ್ ತಲೇನೇ ಕೇಳ್ತಾರೆ" ಎಂದಳು.

ನನಗೂ ರೇಗಿತು. "ಅಲ್ಲ ಭಾವ, ಅಪ್ಪನ ಊರು ಗೊತ್ತು. ಗುಡೇಮಾರನಹಳ್ಳಿ ದಾಟಿದ್ರೆ ಸಿಗುತ್ತೆ. ಅಲ್ಲೊಂದು ಬಿಟ್ಟು ಊರೆಲ್ಲ ಯಾಕೆ ಸುತ್ತುತೀರಿ?"

ಭಾವ ತಲೆ ಸವರಿಕೊಂಡರು. "ಹೊಲ ಪಾಲಾಗೋವಾಗ ಅಪ್ಪನಿಗೂ ದೊಡ್ಡಪ್ಪನಿಗೂ ಜಗಳ ಆಯ್ತು ಕಣೋ. ಈ ಊರಿನ ನೀರೂ ಮುಟ್ಟಲ್ಲ ಅಂತ ಅಪ್ಪ ಎದ್ದು ಬಂದ್ರು. ನಾನು ಹೋಗಿ ನಿಂತ್ರೆ 'ನೀನ್ಯಾರು?' ಅಂದ್ಬಿಟ್ರೆ? ಆಮೇಲೆ ಹುಡುಕೋಕೆ ಜಾಗ ಎಲ್ಲಿ ಉಳಿಯುತ್ತೆ?"

ನನ್ನ ಗೇಲಿಯೆಲ್ಲ ಅಲ್ಲಿಗೆ ನಿಂತಿತು. ಈ ಮನುಷ್ಯ ಅಷ್ಟು ವರ್ಷ ಆ ಒಂದು ಬಾಗಿಲಿಗೆ ಹೆದರಿ ಉಳಿದ ಬಾಗಿಲುಗಳನ್ನೆಲ್ಲ ತಟ್ಟುತ್ತಿದ್ದರು. ಪಾಪ ಅನ್ನಿಸಿತು.

ಆ ಕಡೆಯಿಂದ ನಮ್ಮ ಅಂಗಡಿಗೆ ಬರುವ ಗಿರಾಕಿಯೊಬ್ಬರನ್ನು ವಿಚಾರಿಸಿದೆ. ಆ ಊರಿನವರೆಲ್ಲ ಕೆಂಪಮ್ಮನ ಒಕ್ಕಲಂತೆ, ಮುಂದಿನ ಮಂಗಳವಾರವೇ ಪರವಂತೆ. ವರ್ಷಕ್ಕೊಮ್ಮೆ ಒಕ್ಕಲೆಲ್ಲ ಸೇರಿ ದೇವಿಯ ಮುಂದೆ ಅಡುಗೆ ಮಾಡಿ ಉಣ್ಣುವುದೇ ಪರ. ಗುಂಪಿನಲ್ಲಿ ಗೋವಿಂದ ಎಂದು ನಿಂತು ಬರೋಣ ಎಂದು ಪುಸಲಾಯಿಸಿ ಭಾವನನ್ನೂ ಅಕ್ಕನನ್ನೂ ಕರೆದುಕೊಂಡು ಹೋದೆ.

ಬೇವಿನ ಮರದ ಕೆಳಗೆ ಸಣ್ಣ ಗುಡಿ. ಅಮ್ಮನ ಮುಂದೆ ಮನೆಗೊಂದರಂತೆ ತೆಂಗಿನಕಾಯಿ ಸಾಲಾಗಿ ಇಟ್ಟಿದ್ದರು. ಪೂಜಾರಿ ಒಂದೊಂದನ್ನೇ ಎತ್ತಿ ಮನೆಯ ಹೆಸರು ಕೂಗುವುದು, ಆ ಮನೆಯವರು "ಬಂದಿದೀವಿ" ಎನ್ನುವುದು, ಕಾಯಿ ಒಡೆಯುವುದು. ನಾವು ಕೊನೆಯಲ್ಲಿ, ಕದ್ದು ಬಂದವರ ಥರ ನಿಂತಿದ್ದೆವು.

"ದೊಡ್ಡಮನೆ!" ಎಂದರು ಪೂಜಾರಿ. ಒಬ್ಬ ಮುದುಕಿ "ಬಂದಿದೀನಿ" ಎಂದಳು. ಕಾಯಿ ಒಡೆಯಿತು. ಪೂಜಾರಿ ಮುಂದಿನದನ್ನು ಎತ್ತಿದರು.

"ಮೇಷ್ಟ್ರ ಮನೆ!"

"ಬಂದವ್ರೆ!" ಎಂದಳು ಅದೇ ಮುದುಕಿ.

ಭಾವ ನನ್ನ ರಟ್ಟೆ ಹಿಡಿದುಕೊಂಡರು. ಒಕ್ಕಲಿನಲ್ಲಿ ಇನ್ನೊಬ್ಬ ಮೇಷ್ಟ್ರು ಇದ್ದಾರಾ ಎಂದು ಪಕ್ಕದವರನ್ನು ಕೇಳಿದೆ. "ಇಲ್ಲ ಕಣಪ್ಪ, ಒಬ್ರೇ. ಮೈಸೂರಿಗೋದೋರು. ಈ ಅಜ್ಜಿ ಅವ್ರ ಅತ್ತಿಗೆ" ಎಂದರು.

ಭಾವ ಗುಂಪು ಸೀಳಿಕೊಂಡು ಮುಂದೆ ಹೋದರು. "ದೊಡ್ಡವ್ವ, ನಾನು… ಮೇಷ್ಟ್ರ ಮಗ."

ಅಜ್ಜಿ ಅವರ ಮುಖ ನೋಡಿದಳು. ಬೋಳು ತಲೆ ನೋಡಿದಳು. "ತಲೆ ಯಾಕ್ಲಾ ಹಿಂಗೈತೆ? ಯಾರ್ಲಾ ಹೋದ್ರು?"

"ಯಾರೂ ಇಲ್ಲ ದೊಡ್ಡವ್ವ. ದೇವ್ರನ್ನ ಹುಡುಕ್ತಿದ್ದೆ."

"ಹುಡುಕಕ್ಕೆ ಅವ್ಳೆಲ್ಲೋಗಿದ್ಲು? ಇಲ್ಲೇ ಕುಂತವ್ಳೆ." ಅಜ್ಜಿ ಗುಡಿಯತ್ತ ಕೈ ತೋರಿಸಿದಳು. "ನಿಮ್ಮಪ್ಪ ಊರು ಬುಟ್ಟಾಗಿಂದ ನಿಮ್ಮನೆ ಕಾಯಿನೂ ನಾನೇ ಇಕ್ತಾ ಬಂದೆ. ನಿಮ್ ದೊಡ್ಡಪ್ಪ ಇರೋಗಂಟ ಬೈತಿದ್ದ. ಜಗ್ಳ ಆಡ್ದೋರು ನೀವು ಗಂಡಸ್ರು, ಮನೆ ಹೆಸ್ರು ಯಾಕ್ ಬುಡ್ಬೇಕು ಅಂದೆ."

ಭಾವ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಪಕ್ಕದಲ್ಲಿ ಅಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಪೂಜಾರಿ ಕಾಯಿ ಒಡೆಯಲೋ ಬೇಡವೋ ಎಂದು ಹಾಗೇ ನಿಂತಿದ್ದರು. ಅಜ್ಜಿ ಅದನ್ನು ಅವರ ಕೈಯಿಂದ ತೆಗೆದು ಭಾವನ ಕೈಯಲ್ಲಿಟ್ಟಳು.

"ಏಳು ಮಗ. ನಿಮ್ಮನೆ ಕಾಯಿ ಇನ್ ನೀನೇ ಇಕ್ಕು. ಎಲ್ಡೆಲ್ಡು ಕಾಯಿ ಹೊತ್ಕಂಡ್ ಬರಕ್ಕೆ ನನ್ ಕೈಲಾಯ್ತಾ ಇಲ್ಲ."