ಮೂರನೇ ಬೇಸಿನ ವಿಚಾರಣೆ

ಓಹಾಯೊ ರಾಜ್ಯದ ಮಿಲ್‌ಹೇವನ್ ಪಟ್ಟಣದವರು ಸಂಬಳ ಕೊಟ್ಟು ಕಟ್ಟಿದ ಬೇಸ್‌ಬಾಲ್ ತಂಡವು ತನ್ನ ಮೊಟ್ಟಮೊದಲ ಪಂದ್ಯವನ್ನು ೧೮೭೭ನೇ ಇಸವಿ ಮೇ ಹದಿನೈದರ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಸರಿಯಾಗಿ ಆರಂಭಿಸಿತು ಎಂಬುದರ ಬಗ್ಗೆ ಯಾರದೂ ತಕರಾರಿಲ್ಲ. ಅದು ಯಾವಾಗ ಮುಗಿಯಿತು ಎಂಬುದು ಮಾತ್ರ ಪರಿಶೀಲನೆಯಲ್ಲಿದೆ. ತಂಡದ ಸಹಾಯಕ ಕಾರ್ಯದರ್ಶಿಯಾಗಿ ನಾನು ಮೊದಲ ದಿನದಿಂದ ಅಲ್ಲೇ ಇದ್ದೇನೆ. ಆದುದರಿಂದ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಎದುರಾಳಿಗಳು ಪಕ್ಕದ ಕ್ರಾಸ್‌ವೆಲ್ ಊರಿನವರು. ಕೊನೆಯ ಸರದಿಯ ಹೊತ್ತಿಗೆ ಎರಡೂ ಕಡೆ ಐದೈದು ಓಟ. ಆಗ ನಮ್ಮ ಆನ್ಸೆಲ್ ಕ್ರಾಟ್ಸ್ ಚೆಂಡನ್ನು ಬಲವಾಗಿ ಬಾರಿಸಿ, ಓಟಗಾರ ಸುತ್ತಿ ಮುಟ್ಟಬೇಕಾದ ನೆಲದ ಮೇಲಿನ ನಾಲ್ಕು ಬೇಸುಗಳಲ್ಲಿ ಎರಡನ್ನು ದಾಟಿ, ಮೂರನೆಯದಕ್ಕೆ ಮಲಗಿಕೊಂಡೇ ಜಾರಿದ. ಈ ಆನ್ಸೆಲ್ ಮೊನ್ನೆಮೊನ್ನೆಯವರೆಗೆ ಪೀಪಾಯಿ ಮಾಡುತ್ತಿದ್ದವನು. ಓಡುವಾಗಲೂ ಪೀಪಾಯಿ ಉರುಳಿದಂತೆಯೇ ಕಾಣುತ್ತಿದ್ದ. ಮೂರನೇ ಬೇಸಿನಲ್ಲಿ ಕಾವಲಿದ್ದ ಕ್ರಾಸ್‌ವೆಲ್‌ನ ಕಾರ್ನೀಲಿಯಸ್ ಮೀಹನ್ ಚೆಂಡು ಹಿಡಿದು ಅವನ ಭುಜಕ್ಕೆ ಒತ್ತಿದ. ಧೂಳು ಎದ್ದಿತು. ಧೂಳು ಇಳಿದಾಗ ಆನ್ಸೆಲ್‌ನ ಕಾಲು ಬೇಸಿನ ಮೇಲಿತ್ತು, ಕಾರ್ನೀಲಿಯಸ್‌ನ ಚೆಂಡು ಆನ್ಸೆಲ್‌ನ ಭುಜದ ಮೇಲಿತ್ತು. ಚೆಂಡು ಮೊದಲಾದರೆ ಔಟ್, ಕಾಲು ಮೊದಲಾದರೆ ಉಳಿದಂತೆ; ಯಾವುದು ಮೊದಲು ಮುಟ್ಟಿತು ಎಂದು ಹೇಳಬೇಕಾದವರು ಅಂಪೈರ್ ಎಲಿಹು ಥ್ರಾಲ್ ಅವರು.

ಥ್ರಾಲ್ ಅವರು ಜಿಲ್ಲಾ ನ್ಯಾಯಾಲಯದ ಗುಮಾಸ್ತರು, ಪ್ರಾಮಾಣಿಕರು. ಸದರಿ ಗಳಿಗೆಯಲ್ಲಿ ತಾವು ಸೀನುತ್ತಿದ್ದುದರಿಂದ ಏನನ್ನೂ ನೋಡಿರುವುದಿಲ್ಲ ಎಂದು ಟೊಪ್ಪಿ ತೆಗೆದು ಪ್ರಕಟಿಸಿದರು.

ಅಂಪೈರ್ ನೋಡದಿದ್ದುದನ್ನು ಮರ್ಯಾದಸ್ಥ ಪ್ರೇಕ್ಷಕರನ್ನು ಕೇಳಿ ತೀರ್ಮಾನಿಸಬಹುದೆಂದು ಆಗಿನ ನಿಯಮವಿತ್ತು. ಬೇರೆ ಊರುಗಳಲ್ಲಿ ಮುಂದಿನ ಸಾಲಿನ ಇಬ್ಬರನ್ನು ಕೇಳಿ ಆಟ ಮುಂದುವರಿಸುತ್ತಿದ್ದರಂತೆ. ಥ್ರಾಲ್ ಅವರು ಅಷ್ಟು ಹಗುರವಾದ ಮನುಷ್ಯರಲ್ಲ. ಹಾಜರಿದ್ದ ಸಾವಿರದೆಂಟುನೂರು ಜನರ ಪೈಕಿ ಮರ್ಯಾದಸ್ಥರು ಯಾರು ಎಂದು ತೀರ್ಮಾನಿಸುವುದಕ್ಕೇ ಮೂರು ದಿನ ಹಿಡಿಯಿತು. ಮೈದಾನದ ಬಾಗಿಲಿಗೆ ಈ ಕೆಳಗಿನ ಪ್ರಕಟಣೆಯನ್ನು ಅಂಟಿಸಲಾಯಿತು:

"ವಿಚಾರಣೆ ಮುಗಿಯುವ ತನಕ ಸ್ಥಳದಲ್ಲಿರುವ ವ್ಯಕ್ತಿಗಳೂ ವಸ್ತುಗಳೂ ಇದ್ದಂತೆಯೇ ಇರತಕ್ಕದ್ದು. ಓಟಗಾರನು ಬೇಸನ್ನು ಬಿಟ್ಟರೆ ಔಟ್ ಎಂದೂ, ಕಾವಲಿನವನು ಓಟಗಾರನ ಭುಜದಿಂದ ಚೆಂಡು ತೆಗೆದರೆ ಓಟಗಾರನು ಉಳಿದನೆಂದೂ ಭಾವಿಸಲಾಗುವುದು. ಮಳೆ ಬಂದಲ್ಲಿ ಕೊಡೆ ಕೋರಿ ಅರ್ಜಿ ಸಲ್ಲಿಸಬಹುದು."

ಅರ್ಜಿ ಮಂಜೂರಾಗುವ ಹೊತ್ತಿಗೆ ಮಳೆ ನಿಂತಿತ್ತು. ಮೊದಲ ದಿನ ಆನ್ಸೆಲ್ ಮತ್ತು ಕಾರ್ನೀಲಿಯಸ್ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎರಡನೇ ದಿನ ಒಂದೇ ಚುಟ್ಟವನ್ನು ಹಂಚಿಕೊಂಡರು. ನಾಲ್ಕನೇ ದಿನಕ್ಕೆ ಆನ್ಸೆಲ್ ತನ್ನ ಹುಡುಗಿಗೆ ಬರೆಯುವ ಕಾಗದಗಳನ್ನು ಕಾರ್ನೀಲಿಯಸ್‌ನ ಬೆನ್ನಿನ ಮೇಲಿಟ್ಟು ಬರೆಯತೊಡಗಿದ್ದ. ಎಲ್ಲಿ ಪ್ರೀತಿ ಸಾಲದು ಎನ್ನುವುದನ್ನು ಕಾರ್ನೀಲಿಯಸ್ ಕಾಗದ ನೋಡದೆಯೇ ಹೇಳುತ್ತಿದ್ದ. ನಮ್ಮ ಕಾರ್ಯದರ್ಶಿ ಸೈರಸ್ ಪೆಟಿಬೋನ್ ಅವರು ಸಾಕ್ಷಿಗಳ ಹೇಳಿಕೆ ಕೇಳಲು ದಿನವಹಿ ಟಿಕೆಟ್ ಇಟ್ಟರು. ಆಟಕ್ಕೆ ಬಂದದ್ದಕ್ಕಿಂತ ಹೆಚ್ಚು ಜನ ವಿಚಾರಣೆಗೆ ಬಂದರು. ಪಂದ್ಯ ಮುಗಿಸಲು ತಮಗೆ ಯಾವ ಅವಸರವೂ ಇಲ್ಲವೆಂದು ಪೆಟಿಬೋನ್ ಅವರು ಲಿಖಿತವಾಗಿ ತಿಳಿಸಿದರು.

ಅವಸರವಿದ್ದದ್ದು ಹೆಡ್ವಿಗ್ ಬ್ರಾಂಟ್‌ಳಿಗೆ. ಬೇಕರಿಯ ಬ್ರಾಂಟ್ ಅವರ ಮಗಳು. ಆನ್ಸೆಲ್‌ನೊಂದಿಗೆ ಅವಳ ಮದುವೆ ಆ ತಿಂಗಳ ಇಪ್ಪತ್ತಾರರ ಶನಿವಾರ ಎಂದು ನಿಶ್ಚಯವಾಗಿತ್ತು. ಒಂಬತ್ತನೆಯ ದಿನ ಅವಳು ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ನೇರವಾಗಿ ಮೂರನೇ ಬೇಸಿಗೆ ನಡೆದು ಬಂದಳು.

"ಶನಿವಾರ ಚರ್ಚಿಗೆ ಬರ್ತೀಯೋ ಇಲ್ವೋ, ಅಷ್ಟು ಹೇಳು."

"ಕಾಲು ತೆಗೆದ್ರೆ ಔಟ್ ಆಗ್ತೀನಿ ಕಣೇ. ಊರಿಗೆ ಇದು ಮೊದಲನೇ ಪಂದ್ಯ," ಎಂದ ಆನ್ಸೆಲ್.

"ನನಗೂ ಇದು ಮೊದಲನೇ ಮದುವೆ."

ಕಾರ್ನೀಲಿಯಸ್ ಆಕಾಶ ನೋಡುತ್ತ, ಅವಳ ಮಾತಿನಲ್ಲಿ ನ್ಯಾಯವಿದೆ ಎಂದ. ನಿನಗೆ ಸಂಬಂಧವಿಲ್ಲದ ವಿಷಯ ಎಂದು ಆನ್ಸೆಲ್ ಗದರಿದ. ಒಂಬತ್ತು ದಿನ ಭುಜ ಹಿಡಿದು ನಿಂತ ಮೇಲೆ ಸ್ವಲ್ಪ ಸಂಬಂಧ ಬಂದೇ ಬರುತ್ತದೆ ಎಂದು ಕಾರ್ನೀಲಿಯಸ್ ಉತ್ತರಿಸಿದ.

ಹೆಡ್ವಿಗ್ ಅಲ್ಲಿಂದ ಸೀದಾ ಥ್ರಾಲ್ ಅವರ ಮೇಜಿಗೆ ಹೋಗಿ ಪ್ರಮಾಣ ಮಾಡಿದಳು. ಪಂದ್ಯದ ದಿನ ಅವಳು ಮೂರನೇ ಬೇಸಿನ ಹಿಂದೆಯೇ ಕುಳಿತಿದ್ದಳು. ಚೆಂಡು ಭುಜಕ್ಕೆ ತಾಗಿದಾಗ ಕಾಲು ಬೇಸಿನಿಂದ ಒಂದು ಗೇಣು ಹಿಂದಿತ್ತು, ಆನ್ಸೆಲ್ ಔಟ್ ಎಂದು ಹೇಳಿಕೆ ಬರೆಸಿ ರುಜು ಹಾಕಿದಳು. ಅದು ನಿಜವೂ ಆಗಿತ್ತು. ನಾನೂ ನೋಡಿದ್ದೆ. ಆದರೆ ತಂಡದ ನೌಕರರು ಮರ್ಯಾದಸ್ಥರ ಪಟ್ಟಿಯಲ್ಲಿ ಬರುವುದಿಲ್ಲವಾದ್ದರಿಂದ ನನ್ನನ್ನು ಯಾರೂ ಕೇಳಲಿಲ್ಲ.

ಮದುವೆಯಾಗುವವಳೇ ಹೀಗೆ ಹೇಳಿದ ಮೇಲೆ ಮುಗಿಯಿತೆಂದು ಕ್ರಾಸ್‌ವೆಲ್‌ನವರು ಕುಣಿದಾಡಿದರು. ಪೆಟಿಬೋನ್ ಅವರ ಮುಖ ಬಿಳಚಿಕೊಂಡಿತು. ಅವರು ವಕೀಲರ ಬಳಿ ಓಡಿ ಹೋಗಿ, ಗಂಡನ ವಿರುದ್ಧ ಹೆಂಡತಿಯ ಸಾಕ್ಷ್ಯ ನಡೆಯದು ಎಂಬ ಕಾನೂನನ್ನು ಹಿಡಿದುಕೊಂಡು ಬಂದರು. ಮದುವೆಯನ್ನು ಮುಂದೂಡಬೇಕೆಂದು ಬೆಳಿಗ್ಗೆ ಆಜ್ಞೆ ಹೊರಡಿಸಿದ್ದ ಅವರೇ, ಮದುವೆ ತಡವಾದರೆ ಊರಿನ ಮಾನ ಹೋಗುತ್ತದೆಂದು ಮಧ್ಯಾಹ್ನ ಇನ್ನೊಂದು ಆಜ್ಞೆ ಹೊರಡಿಸಿದರು. ಮೊದಲಿನದನ್ನು ಕೀಳಲು ಸಮಯವಿರಲಿಲ್ಲ.

ಹೆಡ್ವಿಗ್ ಒಪ್ಪಿದಳು, ಆದರೆ ತನಗೊಂದು ಮನೆ ಬೇಕೆಂದಳು. ಎಲ್ಲಿ ಎಂದು ಪೆಟಿಬೋನ್ ಕೇಳಿದರು. ಅವಳು ನೆಲ ತೋರಿಸಿದಳು. ಬೇಸಿಗೆ ಮೊಳೆ ಹೊಡೆದು ಜೋಡಿಸಿದ ಹಲಗೆಯೂ ಬೇಸೇ ಆಗುತ್ತದೆ, ಆ ಹಲಗೆಗೆ ಜೋಡಿಸಿದ ಹಲಗೆಯೂ ಹಾಗೆಯೇ ಎಂದು ಥ್ರಾಲ್ ಅವರು ಒಂದು ರಾತ್ರಿ ಯೋಚಿಸಿ ತೀರ್ಪಿತ್ತರು. ಶುಕ್ರವಾರದೊಳಗೆ ಮಾಡು, ಒಲೆ, ಪರದೆ ಸಹಿತ ಎರಡು ಕೋಣೆಯ ಬೇಸ್ ಸಿದ್ಧವಾಯಿತು.

ಮದುವೆಗೆ ಮುಂಚೆ ಆನ್ಸೆಲ್ ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದ.

"ಊರೆಲ್ಲಾ ಕೇಳೋ ಹಾಗೆ ನಾನು ಔಟ್ ಅಂತ ಹೇಳಿಬಿಟ್ಯಲ್ಲೇ."

"ಔಟ್ ಆಗಿದ್ದೆ, ಹೇಳ್ದೆ," ಎಂದಳು ಹೆಡ್ವಿಗ್. "ಔಟ್ ಆದೋನನ್ನೇ ಕಟ್ಕೊಳ್ತೀನಿ ಅಂತ ಇಲ್ಲಿಗೆ ಬಂದು ನಿಂತಿದೀನಲ್ಲ, ಅದು ಕಾಣಿಸಲ್ವಾ?"

ಆನ್ಸೆಲ್ ಮೂಗು ಒರೆಸಿಕೊಂಡ. ಕಾರ್ನೀಲಿಯಸ್ ಕೂಡ ಖಾಲಿ ಕೈಯಿಂದ ಒರೆಸಿಕೊಂಡ.

ಯಾರಿಗಾದರೂ ಆಕ್ಷೇಪವಿದೆಯೇ ಎಂದು ಪಾದ್ರಿಗಳು ಕೇಳಿದಾಗ ಕ್ರಾಸ್‌ವೆಲ್ ತಂಡದ ಒಂಬತ್ತು ಮಂದಿಯ ಪೈಕಿ ಎಂಟು ಮಂದಿ ಎದ್ದು ನಿಂತರು. ಥ್ರಾಲ್ ಅವರು ಆಕ್ಷೇಪವನ್ನು ಬರೆದುಕೊಂಡು ಆಗಸ್ಟಿನಲ್ಲಿ ವಿಚಾರಣೆಗೆ ದಿನ ಕೊಟ್ಟು, ಅಲ್ಲಿಯವರೆಗೆ ದಂಪತಿಗಳು ಷರತ್ತಿಗೊಳಪಟ್ಟು ಸುಖವಾಗಿರಬಹುದು ಎಂದು ಅಪ್ಪಣೆ ಕೊಟ್ಟರು. ಆಮೇಲೆ ಕುಣಿತ. ವಧು ವರನ ಕೈ ಹಿಡಿದು ತಿರುಗಿದಳು, ವರನ ಭುಜ ಹಿಡಿದ ಕಾರ್ನೀಲಿಯಸ್ ಇಬ್ಬರ ಸುತ್ತ ತಿರುಗಿದ. ಮೂವರಲ್ಲಿ ಚೆನ್ನಾಗಿ ಕುಣಿದವನು ಅವನೇ ಎಂದು ವಧುವಿನ ತಂದೆಯೂ ಒಪ್ಪಿದರು.

ಅವನು ಹೊಸ ದಂಪತಿಗಳ ಜೊತೆ ಎಷ್ಟು ದಿನ ನಿಲ್ಲುವುದು ಎಂಬ ಪ್ರಶ್ನೆ ಎದ್ದಾಗ, ಚೆಂಡನ್ನು ಆನ್ಸೆಲ್‌ನ ಅಂಗಿಯ ಭುಜಕ್ಕೆ ಹೊಲಿದು ಅದಕ್ಕೆ ಕಟ್ಟಿದ ದಾರದ ತುದಿಯನ್ನು ಹಿಡಿದರೆ ಸಾಕು, ದಾರವೆಂದರೆ ಉದ್ದವಾದ ಕೈ ಎಂದು ಥ್ರಾಲ್ ಅವರು ವ್ಯಾಖ್ಯಾನಿಸಿದರು. ಕಾರ್ನೀಲಿಯಸ್ ಪಕ್ಕದ ಕೋಣೆಗೆ ಹೋದ. ಊಟಕ್ಕೆ ಕರೆಯಬೇಕಾದರೆ ಹೆಡ್ವಿಗ್ ದಾರ ಎಳೆಯುತ್ತಿದ್ದಳು.

ಅಕ್ಟೋಬರಿನಲ್ಲಿ ಲೆಕ್ಕ ಹಾಕಿದಾಗ ಔಟ್ ಎಂದವರೂ ಅಲ್ಲ ಎಂದವರೂ ಸಮಸಮವಾಗಿದ್ದರು. ಕಡತವು ತಂಡಗಳ ಒಕ್ಕೂಟವಾದ ಲೀಗಿಗೆ ಹೋಯಿತು. ಲೀಗು ಉಪಸಮಿತಿ ನೇಮಿಸಿತು. ಉಪಸಮಿತಿಯು ಸ್ಥಳ ಪರಿಶೀಲನೆಗೆ ಬಂದು, ಹೆಡ್ವಿಗ್ ಮಾಡಿದ ಸೇಬಿನ ಕಡುಬು ತಿಂದು, ಇನ್ನೊಮ್ಮೆ ಪರಿಶೀಲಿಸುವ ಅಗತ್ಯವಿದೆ ಎಂದು ವರದಿ ಕೊಟ್ಟಿತು. ಪ್ರತಿವರ್ಷವೂ ಬರುತ್ತದೆ. ಉಳಿದ ಪಂದ್ಯಗಳನ್ನು ನಾವು ಮನೆಯನ್ನು ಸುತ್ತಿಕೊಂಡು ಆಡುತ್ತೇವೆ. ಹೊರಗಿನ ಊರುಗಳ ಓಟಗಾರರು ಮೂರನೇ ಬೇಸಿಗೆ ಬಂದಾಗ ಬೂಟು ಬಿಚ್ಚುತ್ತಾರೆ.

ಈ ಸಾಲಿನ ಲೀಗ್ ಕೈಪಿಡಿಯಲ್ಲಿ ನಮ್ಮ ಮೈದಾನದ ಅಳತೆಗಳ ಕೆಳಗೆ ಹೀಗೆ ಅಚ್ಚಾಗಿದೆ: "ಮೂರನೇ ಬೇಸ್: ವಾಸವಿದ್ದಾರೆ. ಚೆಂಡು ಕಿಟಕಿಯ ಮೂಲಕ ಒಳಗೆ ಹೋದಲ್ಲಿ ಬಾಗಿಲು ತಟ್ಟಿ ಕಾಯತಕ್ಕದ್ದು. ಮಗು ಮಲಗಿರುವಾಗ ತಟ್ಟಕೂಡದು."